ಫಾರ್ಮ್ಯಾಟ್ ಸರ್

ದಸರೆಯ ಖಂಡೇಪೂಜೆಗೆಂದು ಇವತ್ತು ಅಂಗಡಿ ಗುಡಿಸುವಾಗ ಹಳೆಯ ಸಿಡಿ ಚೀಲ ಕೈಗೆ ಸಿಕ್ಕಿತು. ಜಿಪ್ ಎಳೆದರೆ ಅದೇ ರೆಕ್ಸಿನ್ ವಾಸನೆ. ಸಿಡಿಗಳ ಮೇಲೆ ಸ್ಕೆಚ್ ಪೆನ್ನಿನ ನನ್ನದೇ ಅಕ್ಷರ. ಕಂಪ್ಯೂಟರ್ ಹಟ ಹಿಡಿದಾಗ ಒಳಗಿನದನ್ನೆಲ್ಲ ಒರೆಸಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕುವುದಕ್ಕೆ ನಾವು ‘ಫಾರ್ಮ್ಯಾಟ್ ಹೊಡೆಯುವುದು’ ಎನ್ನುತ್ತಿದ್ದೆವು. ನಮ್ಮೂರಿನ ಈ ತುದಿಯ ಖಾಸಬಾಗದಿಂದ ಆ ತುದಿಯ ಹಿಂಡಲಗಾದವರೆಗೆ ಯಾರ ಪರದೆ ನೀಲಿಯಾದರೂ ಈ ಚೀಲ ನನ್ನ ಹೆಗಲೇರುತ್ತಿತ್ತು. ನನಗೆ ಬೇರೆ ಹೆಸರೇ ಉಳಿದಿರಲಿಲ್ಲ, ಎಲ್ಲರಿಗೂ ನಾನು ಫಾರ್ಮ್ಯಾಟ್ ಸರ್. ಆ ಹೆಸರಿನ ಮೇಲೆ ನನಗೆಷ್ಟು ಮೋಹವಿತ್ತೆಂಬುದು ತಿಳಿದದ್ದು ಸುಮತಿಯಿಂದ.

ಸುಮತಿ ಖಾನಾಪುರದ ಹುಡುಗಿ, ನನ್ನ ಬಳಿ ಟೈಪಿಂಗ್ ಕಲಿತವಳು. ತನ್ನೂರಲ್ಲಿ ಟೈಪಿಂಗ್, ಆನ್‌ಲೈನ್ ಅರ್ಜಿಯ ಅಂಗಡಿ ತೆರೆದ ಮೇಲೂ ತಿಂಗಳಿಗೊಮ್ಮೆ ಫೋನು ಬರುತ್ತಿತ್ತು: “ಸರ್, ಮತ್ತ ಬಂದ್ ಬಿತ್ತರೀ, ಬರ್ರಿ.” ನಾನು ಗೊಣಗುತ್ತಲೇ ಸಂಜೆಯ ಬಸ್ಸು ಹಿಡಿಯುತ್ತಿದ್ದೆ. ಅಲ್ಲಿ ಚಹಾ, ಅವಲಕ್ಕಿ, ಸುತ್ತ ನಿಂತವರ ಭಯಭಕ್ತಿ. ನಿಮ್ಮಲ್ಲಿ ಮುಚ್ಚಿಡುವುದೇನು, ಮಾವನ ಮನೆಯಲ್ಲೂ ನನಗೆ ಅಷ್ಟು ಮರ್ಯಾದೆ ಸಿಕ್ಕಿಲ್ಲ.

ಒಂದು ವರ್ಷ ಆ ಫೋನು ನಿಂತೇಹೋಯಿತು. ಅವಳು ಬರೀ ಇಂಟರ್ನೆಟ್ ಮೇಲೆ ನಡೆಯುವ ಹೊಸ ಬಗೆಯ ಲ್ಯಾಪ್‌ಟಾಪ್ ತಂದಿದ್ದಾಳೆಂದು, ಎಲ್ಲೆಡೆ ಬೇರುಬಿಟ್ಟ ನಮ್ಮ ಹಳೆಯ ಸಿಸ್ಟಮ್ ಅದರಲ್ಲಿ ಇಲ್ಲವೇ ಇಲ್ಲವೆಂದು ಯಾರೋ ಹೇಳಿದರು. ನನ್ನ ಹೊಟ್ಟೆ ಧಗ್ಗೆಂದು ಉರಿಯಿತು. ನನ್ನನ್ನೊಂದು ಮಾತು ಕೇಳಲಿಲ್ಲವಲ್ಲ. ಮಿಠಾಯಿ ಅಂಗಡಿಯಿಂದ ಅರ್ಧ ಕಿಲೋ ಕುಂದಾ, ಜೊತೆಗೊಂದು ಪೆನ್‌ಡ್ರೈವ್ ಹಿಡಿದು ಮಧ್ಯಾಹ್ನವೇ ಹೊರಟೆ. ಕುಂದಾ ಅವಳಿಗೆ, ಪೆನ್‌ಡ್ರೈವ್ ಆ ಲ್ಯಾಪ್‌ಟಾಪಿಗೆ.

“ಬರ್ರಿ ಸರ್, ಕುಂದರ್ರಿ,” ಎಂದು ಕುರ್ಚಿ ಎಳೆದಳು. “ಇದಕ್ಕ ಫಾರ್ಮ್ಯಾಟ್ ಗೀರ್ಮ್ಯಾಟ್ ಏನೂ ಬ್ಯಾಡ್ರಿ. ತೆರದ್ರ ಚಾಲೂ, ಮುಚ್ಚಿದ್ರ ಮುಗೀತು.”

“ನೆಟ್ ಹೋದ್ರ ಏನ್ ಮಾಡ್ತಿ?”

“ನೆಟ್ ಹೋದ್ರ ನಿಮ್ಮದ್ರಾಗರ ಆನ್‌ಲೈನ್ ಅರ್ಜಿ ಹ್ಯಾಂಗ ತುಂಬ್ತೀರಿ, ಸರ್?”

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡೆ. ಪೆನ್‌ಡ್ರೈವ್ ಚುಚ್ಚಿದೆ. ಅದರಲ್ಲಿ ನಾನು ವರ್ಷಗಟ್ಟಲೆ ಟೈಪ್ ಮಾಡಿದ ಲಗ್ನಪತ್ರಿಕೆಗಳಿದ್ದವು, ಎಲ್ಲ ಹಳೆಯ ಫಾಂಟಿನವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಹೋಗಿ ಕಲಸುಮೇಲೋಗರದ ಇಂಗ್ಲಿಷ್ ಅಕ್ಷರ ಕಾಣುತ್ತದೆಂಬುದು ನನಗೆ ಗೊತ್ತಿತ್ತು. ಹಾಗೆಯೇ ಆಯಿತು. ಮಗಳ ಪತ್ರಿಕೆ ಮಾಡಿಸಲು ಬಂದಿದ್ದ ಮರಾಠಿ ಕಾಕಾ ಕನ್ನಡಕ ಏರಿಸಿ ಇಣುಕಿ, “ಇದ ಯಾವ ಭಾಷಾರೀ?” ಎಂದರು.

“ನೋಡಿದಿ ಇಲ್ಲೋ? ಈ ಕೆಲಸಕ್ಕ ಹಳೇದ ಬೇಕು,” ಎಂದೆ. ನನ್ನ ಧ್ವನಿಯಲ್ಲಿದ್ದ ಖುಷಿಗೆ ನನಗೇ ನಾಚಿಕೆಯಾಯಿತು.

“ಖರೇ ಸರ್,” ಎಂದಳು ಸುಮತಿ. “ಹಳೇ ಪತ್ರಿಕಾ ಬೇಕಂದವ್ರನ್ನ ನಿಮ್ಮ ಕಡೇನ ಕಳಸ್ತೀನಿ. ಆದ್ರ ಎಲ್ಲಾರೂ ಹೊಸಾ ಲಗ್ನಾ ಮಾಡಾಕನ ಬರ್ತಾರಲ್ರಿ.”

ಕಾಕಾರ ಪತ್ರಿಕೆಯನ್ನು ಕನ್ನಡ, ಮರಾಠಿ ಎರಡರಲ್ಲೂ ಅಲ್ಲೇ ಮುಗಿಸಿದಳು. ನಾನು ಏನಾದರೂ ಕೆಡಲಿ ಎಂದು ಪರದೆ ನೋಡುತ್ತಲೇ ಕೂತಿದ್ದೆ. ಏನೂ ಕೆಡಲಿಲ್ಲ. ಐದೂವರೆಗೆ ಅಂಗಡಿಗೆ ಬೀಗ ಹಾಕಿ, “ಊಟಕ್ಕ ನಡೀರಿ ಸರ್, ಹೊತ್ತ ಮುಳಗತೈತಿ,” ಎಂದಳು.

ಅವರ ಮನೆಯಲ್ಲಿ ತಾಟಿನ ಮುಂದೆ ಕೂತಾಗ ಹೊಳೆಯಿತು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಯಂತ್ರ ಕೆಟ್ಟಾಗಲೆಲ್ಲ ನಾನು ಖಾನಾಪುರಕ್ಕೆ ಬಂದು ಮುಟ್ಟುತ್ತಿದ್ದುದೇ ಸಂಜೆ, ಮುಗಿಸುತ್ತಿದ್ದುದು ದೀಪ ಹಚ್ಚಿದ ಮೇಲೆ. ಅವಲಕ್ಕಿಯ ತಾಟು ಯಾವಾಗಲೂ ಒಂದೇ ಇರುತ್ತಿತ್ತು. ಅಷ್ಟೂ ಸಲ ಅವಳು ನನ್ನ ಸಲುವಾಗಿ ಅಂಗಡಿಯಲ್ಲೇ ನಿಂತು, ಉಪವಾಸ ಮಲಗಿದ್ದಳು, ನಾನು ತಾಟು ಖಾಲಿ ಮಾಡಿ ಸರ್ ಎನಿಸಿಕೊಂಡು ಬರುತ್ತಿದ್ದೆ.

ಇಂಥ ಹೊಸ ಲ್ಯಾಪ್‌ಟಾಪ್ ನಮ್ಮ ಹಳೆಯ ಸಿಸ್ಟಮನ್ನು ಕೆಡವೀತೇ ಎಂದು ಜನ ನನ್ನನ್ನು ಕೇಳುತ್ತಾರೆ. ಬೇಗ ಬೀಳುವುದಿಲ್ಲ, ಕಚೇರಿಗಳ ತುಂಬ ಅದೇ ಇದೆ ಎಂದು ಗತ್ತಿನಿಂದ ಹೇಳುತ್ತೇನೆ. ಆದರೆ ನನ್ನ ಅದೇ ಹಳೆಯ ಯಂತ್ರದಲ್ಲೂ ಇವತ್ತು ಬೆಳಗಿನಿಂದ ತೆರೆದದ್ದು ಇಂಟರ್ನೆಟ್ಟಿನ ಬ್ರೌಸರ್ ಒಂದೇ. ಇದನ್ನೂ ಅದರೊಳಗೇ ಬರೆಯುತ್ತಿದ್ದೇನೆ. ಇದನ್ನು ಸುಮತಿಗೆ ಮಾತ್ರ ಹೇಳಬೇಡಿ.

ಪ್ರತಿ ಖಂಡೇಪೂಜೆಗೆ ಅವಳ ಫೋನು ಬರುತ್ತದೆ, ಇವತ್ತೂ ಬಂತು: “ಊಟಕ್ಕ ಬರ್ರಿ ಸರ್, ಹೊತ್ತ ಇದ್ದಾಗನ ಬರ್ರಿ.” ಚೀಲಕ್ಕೆ ವಿಭೂತಿ ಹಚ್ಚಿ, ಚೆಂಡುಹೂವು ಇಟ್ಟು ಮೂಲೆಯಲ್ಲೇ ಬಿಟ್ಟಿದ್ದೇನೆ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅದೊಂದನ್ನೇ ಹೊತ್ತುಕೊಂಡು ಮೂರು ಗಂಟೆಯ ಬಸ್ಸು ಹಿಡಿಯುತ್ತೇನೆ.