ರಿವೈಂಡ್ ಮಾಡದ ಪಾಪಿಗಳು

ಚಿಕ್ಲಾಯೊ ಪಟ್ಟಣದ, ಕ್ಯಾಸೆಟ್ ಬಾಡಿಗೆಗೆ ಕೊಡುವ ವಿಡಿಯೊ ಅಂಗಡಿಯಲ್ಲಿ ಮಾಲೀಕ ದೋನ್ ಅನ್ಸೆಲ್ಮೊ ಸ್ಟೂಲಿನ ಮೇಲೆ ಕೂತರೆ ಸಿಂಹಾಸನವೇ ನಾಚಬೇಕು. ಕಾರ್ಟೂನಿಗೆ ಮುತ್ತುವ ಮಕ್ಕಳ ಸೈನ್ಯವನ್ನು ಹುಬ್ಬಿನಿಂದಲೇ ಹಿಮ್ಮೆಟ್ಟಿಸುತ್ತಿದ್ದರು. ಅವರ ಶಾಸ್ತ್ರದಲ್ಲಿ ಮಹಾಪಾಪ ಒಂದೇ, ಕ್ಯಾಸೆಟ್ಟನ್ನು ರಿವೈಂಡ್ ಮಾಡದೆ ಮರಳಿಸುವುದು. ಆ ಪಾಪಿಗಳನ್ನು ಅವರು ಗದರಿದರೆ ಪಕ್ಕದಂಗಡಿಯ ಬೆಕ್ಕು ಮೀನು ಬಿಟ್ಟು ಓಡುತ್ತಿತ್ತು. ಮನೆಯಲ್ಲಿ ಟೀವಿಯೇ ಇಲ್ಲದ ಯಾದಿರಾ ಗೆಳತಿಯರೆದುರು ಸಣ್ಣವಳಾಗಬಾರದೆಂದು ತಾನೂ ಕ್ಯಾಸೆಟ್ ಒಯ್ದು, ಡಬ್ಬಿಯ ಚಿತ್ರ ನೋಡಿ ಕತೆ ಕಟ್ಟುತ್ತಿದ್ದಳು. ಅದು ಅನ್ಸೆಲ್ಮೊಗೆ ಗೊತ್ತಿತ್ತು. ಒಂದು ಶನಿವಾರ ಸಾಲಿನಲ್ಲಿದ್ದ ಹುಡುಗಿಯೊಬ್ಬಳು, "ಇವಳು ಸುಮ್ನೆ ಒಯ್ತಾಳೆ ತಾತ, ಇವ್ರ ಮನೇಲಿ ಟೀವಿ ಎಲ್ಲಿದೆ?" ಅಂದಳು. ಯಾದಿರಾ ನೆಲ ನೋಡಿದಳು. ಅವಳು ಮರಳಿಸಿದ, ಒಂದು ಸುತ್ತೂ ಓಡದ ಕ್ಯಾಸೆಟ್ಟನ್ನು ಎತ್ತಿ ಹಿಡಿದು ಅನ್ಸೆಲ್ಮೊ ಗುಡುಗಿದರು: "ಟೀವಿ ಇಲ್ವಂತೆ. ಕೊನೆವರೆಗೂ ನೋಡಿ ರಿವೈಂಡ್ ಮಾಡ್ದೆ ಹಾಗೇ ತಂದಿದಾಳಲ್ಲ, ಕತ್ತೆ." ಉಳಿದೆಲ್ಲ ಪಾಪಿಗಳಂತೆ ಯಾದಿರಾಳೂ ನಾಲಿಗೆ ಕಚ್ಚಿಕೊಂಡಳು.