ಔಟ್ ಕೊಡಿ ಮಾಮ

ಕಳೆದ ಭಾನುವಾರ ಬೆಳಿಗ್ಗೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಜೊತೆ ನನಗೆ ಜಗಳವಾಯಿತು. ಜನ ಸೇರಿದ ಮೈದಾನದಲ್ಲಿ, ಮೈಕ್ ಆನ್ ಇರುವಾಗಲೇ. ಅವಳು ಔಟ್ ಎನ್ನುತ್ತಿದ್ದಳು, ನಾನು ಅಲ್ಲ ಎನ್ನುತ್ತಿದ್ದೆ. ಔಟಾದವಳು ಬೇರೆ ಯಾರೂ ಅಲ್ಲ, ಅವಳೇ.

ವಿಕೆಟ್ ಉಳಿಸಿಕೊಳ್ಳಲು ಅಂಪೈರ್ ಮೇಲೆ ಹಾರಿಬೀಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟುಗಳಲ್ಲಿ ಕಾಮೆಂಟ್ರಿ ಹೇಳಿ ಹೇಳಿ ಗಂಟಲು ಸವೆಸಿಕೊಂಡವನು ನಾನು. (ಮನೆಯಲ್ಲಿ ಯಾರೂ ಮಾತು ಕೇಳದ ಕಾರಣ ಮೈಕ್ ಹಿಡಿದೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.) ಸ್ಟಂಪ್ ಮೂರೂ ಮಲಗಿದರೂ ಕ್ರೀಸ್ ಬಿಡದ ಗಟ್ಟಿಗರು ಬಂದ್ಯೋಡಿನಿಂದ ಬೆಳ್ಳೂರಿನವರೆಗೆ ಇದ್ದಾರೆ. ಆದರೆ ತನ್ನನ್ನು ಔಟ್ ಕೊಡಿ ಎಂದು ಹಠ ಹಿಡಿದವರನ್ನು ನೋಡಿದ್ದು ಇದೇ ಮೊದಲು.

ವಿಷಯ ಹೀಗೆ. ಎಣ್ಮಕಜೆ ಕಡೆಯ ಒಂದು ವಿಶೇಷ ಮಕ್ಕಳ ಶಾಲೆಗೆ ದೀಕ್ಷಾ ಎಂಬ ಯುವ ಫಿಸಿಯೋಥೆರಪಿಸ್ಟ್ ಬಂದಿದ್ದಾಳೆ. ಮಕ್ಕಳಿಗೆ ಬೇಸ್‌ಬಾಲ್ ಆಡಿಸುತ್ತೇನೆ, ನೀವು ಕಾಮೆಂಟ್ರಿಗೂ ಅಂಪೈರಿಂಗಿಗೂ ಬರಬೇಕು ಎಂದು ಫೋನ್ ಮಾಡಿದಳು. ಬೇಸ್‌ಬಾಲಾ? ಓಡಿಯಾಡುವ ಮಕ್ಕಳೇ ನಮ್ಮಲ್ಲಿ ಆಡದ ಆಟ ಅದು. ಗಾಲಿಕುರ್ಚಿಯಲ್ಲಿ ಕೂತವರು, ವಾಕರ್ ಹಿಡಿದವರು, ಕಣ್ಣು ಸರಿಯಾಗಿ ಕಾಣದವರು ಹೇಗೆ ಆಡುವುದು?

ಆಡಬಹುದಂತೆ. ಮೆತ್ತಗಿನ ಚೆಂಡು, ಹಗುರವಾದ ಪ್ಲಾಸ್ಟಿಕ್ ಬ್ಯಾಟು. ಎಸೆದ ಚೆಂಡಿಗೆ ಹೊಡೆಯಲಾಗದಿದ್ದರೆ ಒಂದು ಸ್ಟ್ಯಾಂಡಿನ ಮೇಲೆ ಚೆಂಡು ಕೂರಿಸಿ ಕೊಡುತ್ತಾರೆ. ಹೊಡೆದ ಮೇಲೆ, ಸುಣ್ಣದ ಪುಡಿಯಲ್ಲಿ ಬರೆದ ಚೌಕಗಳನ್ನು ಒಂದೊಂದಾಗಿ ಮುಟ್ಟಿ ಹೊರಟಲ್ಲಿಗೇ ವಾಪಸ್ ಬಂದರೆ ಒಂದು ರನ್. ಕುರ್ಚಿ ತಳ್ಳಲು, ಕೈ ಹಿಡಿಯಲು ಪ್ರತಿ ಮಗುವಿಗೂ ಒಬ್ಬ ಜೊತೆಗಾರ. ಅಪ್ಪ ಅಮ್ಮ ಮಾತ್ರ ಬೆಂಚಿನಲ್ಲೇ ಕೂರಬೇಕು. ಮತ್ತೆ, ಯಾರೂ ಔಟ್ ಇಲ್ಲ. ಎಲ್ಲರಿಗೂ ಒಂದು ಸುತ್ತು, ಎಲ್ಲರಿಗೂ ಚಪ್ಪಾಳೆ.

ಕೇಳಿಯೇ ನನ್ನ ಕಣ್ಣು ಒದ್ದೆಯಾಯಿತು. (ನನ್ನದು ಬೇಗ ಒದ್ದೆಯಾಗುವ ಕಣ್ಣು, ನಿಮಗೆ ಗೊತ್ತೇ ಇದೆ.)

ಗೇರು ತೋಟಗಳ ಮೇಲೆ ವಿಷ ಸಿಂಪಡಿಸಿ, ಮಕ್ಕಳು ಹೀಗೆ ಹುಟ್ಟುವಂತಾದ ಕಾಲದ ಕತೆಯನ್ನು ಇಲ್ಲಿ ತೆಗೆಯುವುದಿಲ್ಲ. ಕ್ಯಾಮೆರಾ ಹೊತ್ತು ಬಂದವರೆಲ್ಲ ಅದನ್ನು ಹೇಳಿಯಾಗಿದೆ. ನಮ್ಮ ಕಡೆಯ ಇಂಥ ಮಕ್ಕಳನ್ನು ಜನ ಫೋಟೋದಲ್ಲಿ ನೋಡಿದ್ದೇ ಹೆಚ್ಚು. ಆಡುವುದನ್ನು ನೋಡಿದವರು ಎಷ್ಟು ಮಂದಿ?

ಫೀಲ್ಡಿಂಗಿಗೆ ನಮ್ಮ ಅಂಡರ್ ಆರ್ಮ್ ಟೀಮಿನ ಹುಡುಗರು ಬಂದಿದ್ದರು. ಚೆಂಡು ಬಂದರೆ ಹಿಡಿಯಬೇಡಿ, ಓಡಿದ ಹಾಗೆ ಮಾಡಿ ಬಿಟ್ಟುಬಿಡಿ ಎಂದು ದೀಕ್ಷಾ ಅವರಿಗೆ ಪಾಠ ಮಾಡಿದ್ದಳು. ತಲೆ ಆಡಿಸಿದ್ದರು.

ಆಟ ಶುರುವಾಯಿತು. ಪುಟ್ಟ ಹುಡುಗನೊಬ್ಬ ಬೀಸಿದ ಬ್ಯಾಟು ಸ್ಟ್ಯಾಂಡಿಗೆ ತಾಗಿತು. ಅದ್ಭುತ ಹೊಡೆತ ಎಂದು ನಾನು ಮೈಕಿನಲ್ಲಿ ಅಬ್ಬರಿಸಿದೆ.

"ಮಾಮ, ಚೆಂಡು ಅಲ್ಲಿಯೇ ಉಂಟು."

ಸರದಿಯಲ್ಲಿ ಕಾಯುತ್ತಿದ್ದ ವೈಷ್ಣವಿ ಹೇಳಿದ್ದು. ನನ್ನ ಜಗಳಗಂಟಿ ಇವಳೇ. ಸೊಂಟದ ಕೆಳಗೆ ಬಲವಿಲ್ಲ, ಬಾಯಿಗೆ ಮಾತ್ರ ಇಬ್ಬರ ಬಲ. ಹುಡುಗರು ಸುಳ್ಳುಸುಳ್ಳೇ ಎಡವಿ ಬೀಳುವುದನ್ನು ನೋಡಿ ಅವಳಿಗೆ ಸಿಟ್ಟು ಬಂದಿತ್ತು. ನನ್ನನ್ನು ಹತ್ತಿರ ಕರೆದಳು.

"ನನ್ನ ಸರ್ತಿ ಅವರಿಗೆ ಸರಿಯಾಗಿ ಆಡ್ಲಿಕ್ಕೆ ಹೇಳಿ ಮಾಮ. ನನಗೆ ಸುಳ್ಳು ಆಟ ಬೇಡ."

ಆಯ್ತು ಎಂದೆ. ಹೇಳಿದೆನಾ? ಇಲ್ಲ. ಪಾಪ, ಚಿಕ್ಕ ಹುಡುಗಿ, ಒಂದು ಸುತ್ತು ಹಾಕಿ ಬರಲಿ ಎಂದುಕೊಂಡೆ. ಅವಳ ಅಮ್ಮ ಜಯಂತಿಯಕ್ಕನೂ ಅದನ್ನೇ ಕಾಯುತ್ತಿದ್ದರು. ಮಗಳು ಸುತ್ತು ಮುಗಿಸಿ ಬರುವುದನ್ನು ಶಾರ್ಜಾದಲ್ಲಿರುವ ಗಂಡ ಗಣೇಶನಿಗೆ ತೋರಿಸಬೇಕೆಂದು ವಿಡಿಯೋ ಕಾಲ್ ಹಚ್ಚಿ, ಫೋನನ್ನು ಎತ್ತಿ ಹಿಡಿದು ಬೆಂಚಿನ ತುದಿಯಲ್ಲಿ ಕೂತಿದ್ದರು.

ವೈಷ್ಣವಿ ಬ್ಯಾಟು ಎತ್ತಿದಳು. ಹೊಡೆದಳು.

ಮಾರಾಯ್ರೆ, ಅದು ಹೊಡೆತ! ಚೆಂಡು ಮೇಲಕ್ಕೆ ಹಾರಿ ಎಡಗಡೆಗೆ ಹೋಯಿತು. ಅಲ್ಲಿ ನಿಂತವನು ಪ್ರವೀಣ, ನಮ್ಮ ಟೀಮಿನ ಬೆಸ್ಟ್ ಫೀಲ್ಡರ್. ತಲೆಯ ಮೇಲೆ ಚೆಂಡು ಕಂಡರೆ ಅವನಿಗೆ ದೀಕ್ಷಾಳ ಪಾಠ ನೆನಪಾಗುತ್ತದಾ? ಹಿಂದಕ್ಕೆ ಓಡಿ, ಹಾರಿ, ಒಂದೇ ಕೈಯಲ್ಲಿ ಹಿಡಿದೇಬಿಟ್ಟ. ಅಭ್ಯಾಸ ಬಲದಿಂದ ಚೆಂಡನ್ನು ಮೇಲಕ್ಕೂ ಎಸೆದ. ಆಮೇಲೆ ಎಚ್ಚರವಾಗಿ ತಲೆಗೆ ಕೈ ಇಟ್ಟುಕೊಂಡು ಅಲ್ಲೇ ಕುಕ್ಕರಿಸಿದ.

ಜಯಂತಿಯಕ್ಕ ಎದ್ದು ನಿಂತು, ಮಗು ಹೊಡೆದದ್ದನ್ನು ಹಿಡಿಯುವುದಾ, ನಿನಗೆ ಅಷ್ಟೂ ತಿಳಿಯುವುದಿಲ್ಲವಾ ಎಂದು ಪ್ರವೀಣನನ್ನು ತರಾಟೆಗೆ ತೆಗೆದುಕೊಂಡರು. ಅಷ್ಟರಲ್ಲಿ ಅವರ ಕೈಯಲ್ಲಿದ್ದ ಫೋನು ಮಾತಾಡಿತು.

"ಎಂಥಾ ಕ್ಯಾಚ್ ಮಾರಾಯ! ಯಾರವ?"

ಗಣೇಶನೂ ಒಂದು ಕಾಲದ ಅಂಡರ್ ಆರ್ಮ್ ಆಟಗಾರ. ಹೆಂಡತಿಯ ಮುಖ ಕಂಡಿರಬೇಕು, ಕೂಡಲೇ ಮಗಳ ಹೊಡೆತವನ್ನೂ ಹೊಗಳತೊಡಗಿದ.

ನಾನು ಮೈಕ್ ಎತ್ತಿ, ನಾಟೌಟ್, ವೈಷ್ಣವಿ ಓಡಬಹುದು ಎಂದೆ. ಜೊತೆಗಾರ ಕುರ್ಚಿ ತಳ್ಳಲು ಹೊರಟ. ಅವಳು ಎರಡೂ ಚಕ್ರ ಗಟ್ಟಿಯಾಗಿ ಹಿಡಿದುಕೊಂಡಳು. ಔಟ್ ಎಂದಳು. ಈ ಆಟದಲ್ಲಿ ಔಟ್ ಇಲ್ಲಮ್ಮ ಎಂದೆ. ಕ್ಯಾಚ್ ಹಿಡಿದದ್ದು ಕಾಣಲಿಲ್ಲವಾ ಎಂದಳು. ಹೀಗೇ ಸ್ವಲ್ಪ ಹೊತ್ತು ನಡೆಯಿತು, ಎಲ್ಲ ಮೈಕಿನಲ್ಲಿ. ಕೊನೆಗೆ ಅವಳ ದನಿ ಸಣ್ಣದಾಯಿತು.

"ಔಟ್ ಕೊಡಿ ಮಾಮ. ಅವರು ನಿಜವಾಗಿ ಆಡಿದ್ದು ನನ್ನ ಬಾಲಿಗೆ ಮಾತ್ರ."

ಬೆರಳೆತ್ತಿದೆ. ಬೇರೆ ಎಂತ ಮಾಡುವುದು?

ಔಟ್ ಕೊಟ್ಟದ್ದೇ ತಡ, ಅವಳ ಮುಖ ನೋಡಬೇಕಿತ್ತು ನೀವು. ನಮ್ಮ ಟೂರ್ನಮೆಂಟುಗಳಲ್ಲಿ ಒಂದು ಪದ್ಧತಿ ಉಂಟು. ಒಳ್ಳೆಯ ಕ್ಯಾಚ್ ಹಿಡಿದರೆ ನೋಡುವವರಲ್ಲಿ ಯಾರಾದರೂ ಬಹುಮಾನ ಘೋಷಿಸುತ್ತಾರೆ, ಕಾಮೆಂಟ್ರಿಯವನು ಅವರ ಹೆಸರು ಹೇಳಿ ಅನೌನ್ಸ್ ಮಾಡುತ್ತಾನೆ. ಅಪ್ಪನಿಂದ ಅದನ್ನೆಲ್ಲ ಕೇಳಿ ತಿಳಿದಿದ್ದ ಅವಳು ನನಗೆ ಅನೌನ್ಸ್ ಮಾಡಲು ಹೇಳಿದಳು. ಮಾಡಿದೆ: ಈ ಅಮೋಘ ಕ್ಯಾಚಿಗಾಗಿ ಬ್ಯಾಟರ್ ವೈಷ್ಣವಿಯವರ ವತಿಯಿಂದ ಪ್ರವೀಣರಿಗೆ ಒಂದು ಐಸ್‌ಕ್ಯಾಂಡಿ. ಪ್ರವೀಣ ಬಂದು ಅವಳ ಕೈ ಕುಲುಕಿದ. ಅವನ ಕಣ್ಣೂ ನನ್ನದರ ಜಾತಿಯದ್ದೇ ಇರಬೇಕು.

ಎಲ್ಲರದ್ದೂ ಒಮ್ಮೆ ಮುಗಿದು ಮತ್ತೆ ಅವಳ ಸರದಿ ಬಂದಾಗ ಹುಡುಗರು ನಿಜವಾಗಿ ಆಡಿದರು. ಈ ಸಲ ಚೆಂಡು ನೆಲ ಹಿಡಿದು ಹೋಯಿತು. ಕುರ್ಚಿ ಮೊದಲ ಚೌಕ ದಾಟಿತು, ಎರಡನೆಯದನ್ನೂ ದಾಟಿತು. ನಾನು ಕಾಮೆಂಟ್ರಿ ಮರೆತು ಬರೀ ಕಿರುಚುತ್ತಿದ್ದೆ. ಮೂರನೇ ಚೌಕ ಇನ್ನೊಂದು ಮಾರು ಇದೆ ಎನ್ನುವಾಗ ಚೆಂಡು ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತು. ನಮ್ಮ ರನೌಟಿನ ಹಾಗೆ, ಮತ್ತೆ ಔಟ್.

ಹೀಗಾಗಿ ಅಂದು ಉಳಿದ ಎಲ್ಲ ಮಕ್ಕಳ ಹೆಸರಿನ ಮುಂದೆಯೂ ರನ್, ವೈಷ್ಣವಿಯ ಮುಂದೆ ಮಾತ್ರ ಸೊನ್ನೆ. ಆ ಸೊನ್ನೆಯ ವಿಷಯವನ್ನೇ ಅವಳು ಅಪ್ಪನಿಗೆ ಫೋನಿನಲ್ಲಿ ಕೈ ಆಡಿಸಿ ಆಡಿಸಿ ಹೇಳುತ್ತಿದ್ದಳು.

ದೀಕ್ಷಾಳ ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಸ್ಟ್ಯಾಂಡಿಗೆ ಹೊಡೆದ ಆ ಪುಟ್ಟ ಹುಡುಗ ಸುತ್ತು ಮುಗಿಸಿ ಬಂದಾಗ ನಕ್ಕ ನಗು ಇದೆಯಲ್ಲ, ಅವನಿಗೆ ಅಷ್ಟೇ ಬೇಕಿತ್ತು. ಇವಳಿಗೆ ಬೇರೆ ಬೇಕಿತ್ತು. ಎಂತ ಬೇಕೆಂದು ಬಾಯಿಬಿಟ್ಟು ಹೇಳಿದ್ದಳು ಕೂಡ. ಪಾಪ ಎನ್ನುವ ಗಡಿಬಿಡಿಯಲ್ಲಿ ನನಗೆ ಕೇಳಿಸಿರಲಿಲ್ಲ.

ಹೊರಡುವಾಗ ಜಯಂತಿಯಕ್ಕನ ಬಳಿ ಹೋಗಿ, ಮಗಳು ಸುತ್ತು ಮುಗಿಸುವ ವಿಡಿಯೋ ತೋರಿಸಲಿಕ್ಕಾಗಲಿಲ್ಲವಲ್ಲ, ಬೇಸರ ಮಾಡಬೇಡಿ ಎಂದೆ. ಅವರು ಮಗಳ ಕುರ್ಚಿಗೆ ಮೆತ್ತಿದ ಕೆಂಪು ಮಣ್ಣನ್ನು ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಸರ ಎಂತಕ್ಕೆ ಅಣ್ಣ? ಔಟ್ ಮಾಡ್ಬೇಕಾದ್ರೆ ಮೊದಲು ಆಟಕ್ಕೆ ಸೇರಿಸ್ಬೇಕಲ್ಲ?"