ಬೂಷ್ಟು ಹಿಡಿದ ಜೋಳಕ್ಕೊಂದು ಪವಾಡದ ಪುಡಿ

ಗೆಳೆಯರೇ, ನನ್ನ ಕೋಳಿ ಶೆಡ್ಡನ್ನು ಊರ ತಿಪ್ಪೆ ಎಂದು ತಿಳಿದವರು ಇನ್ನೂ ಯಾರಾದರೂ ಇದ್ದರೆ ಈಗಲೇ ಹೇಳಿಬಿಡಿ.

ಇವತ್ತು ಬೆಳಿಗ್ಗೆ ನಮ್ಮ ತಿಳವಳ್ಳಿಯ ಹನುಮಂತಪ್ಪ ಕಾಕಾ ಕೋಳಿ ಮೇವಿಗೆಂದು ಟ್ರ್ಯಾಕ್ಟರಿನಲ್ಲಿ ಗೋವಿನಜೋಳ ತಂದು ಶೆಡ್ಡಿನ ಬಾಗಿಲಿಗೇ ಇಳಿಸಿದರು. ಒಂದು ಚೀಲ ಬಿಚ್ಚಿ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು. ಹಿಡಿ ತುಂಬ ಹಸಿರು ಬೂಷ್ಟು.

"ಕಾಕಾ, ಇದನ್ನ ನಿಮ್ಮ ಎಮ್ಮಿಗೆ ಹಾಕ್ರಿ."

"ಎಮ್ಮಿ ಮೂಸಿ ನೋಡಿ ಮಾರಿ ತಿರುವಿತವ್ವಾ, ಅದಕ್ಕ ನಿನ್ನ ಕಡೆ ತಂದೇನಿ. ಬೂಷ್ಟಿನ ವಿಷಕ್ಕ ದನದ ಡಾಕ್ಟ್ರು ನಿನಗ ಅದೇನೋ ಪ್ರಿಬಯೋಟಿಕ್ ಪುಡಿ ಕೊಟ್ಟಾರಂತಲ್ಲ, ಒಂದ್ ಹಿಡಿ ಉಗ್ಗಿಬಿಡು!"

ತಪ್ಪು ನನ್ನದೇ. ಮೊನ್ನೆ ಹಿಟ್ಟಿನ ಗಿರಣಿಯಲ್ಲಿ ನಿಂತು ಆ ಪುಡಿಯನ್ನು ಹೊಗಳಿದ್ದೆ.

"ಅದು ಕೋಳಿ ಕರುಳಾಗಿನ ಒಳ್ಳೆ ಬ್ಯಾಕ್ಟೀರಿಯಾಕ್ಕ ಊಟ ಕಾಕಾ. ಮೇವಿನಾಗ ಅಷ್ಟಿಷ್ಟು ವಿಷ ಇದ್ರ ತಡ್ಕೊಳ್ಳಾಕ ನೆರವಾಗತೈತಿ. ಚೀಲಗಟ್ಟಲೆ ಬೂಷ್ಟು ತಿನಿಸಿದ್ರ ಲಿವರ್ ಕೆಟ್ಟು ಕೋಳಿ ಸಾಯ್ತಾವು" ಎಂದೆ.

"ಸಾಲಿ ಕಲ್ತವ್ರ ಹಣೇಬಾರನ ಇಷ್ಟು" ಎಂದು ಗೊಣಗುತ್ತ ಕಾಕಾ ಚೀಲಗಳನ್ನು ಮತ್ತೆ ಏರಿಸಿದರು. ಟ್ರ್ಯಾಕ್ಟರ್ ಹತ್ತಿ ಕುಳಿತವರು ತಿರುಗಿ ನೋಡಿ, "ನಾಳೆ ಬೀಗರು ಬರ್ತಾರವ್ವಾ, ಎರಡು ಕೋಳಿ ತೆಗೆದಿಡು. ಬೂಷ್ಟು ತಿಂದದ್ದು ಬ್ಯಾಡ ಮತ್ತ!" ಎಂದರು.

"ಯಾಕ್ರಿ ಕಾಕಾ? ಪುಡಿ ಕೊಡ್ತೇನಿ, ಸಾರಿಗೆ ಒಂದ್ ಹಿಡಿ ಉಗ್ಗಿಬಿಡ್ರಿ!"

ಕಾಕಾ ಟ್ರ್ಯಾಕ್ಟರ್ ಚಾಲೂ ಮಾಡಿ ಹೊರಟೇಬಿಟ್ಟರು.

ಎಮ್ಮೆಗೆ ಮೂಗಿದೆ, ಬೀಗರಿಗೆ ಮರ್ಯಾದೆಯಿದೆ. ನನ್ನ ಕೋಳಿಗಳಿಗೆ ಇರುವುದು ಪುಡಿಯೊಂದೇ.